ಇಂಗ್ಲೆಂಡಿನ ಹಳೇ ಉಗಿ ಎಂಜಿನ್ ಫೋಟೋಗಳು: 'ಮೈಸೂರು' ಅಂತ ಹೆಸರಿರುವ ಈ ಎಂಜಿನ್ ಯಾವುದು?

ಒಂಟಿಕೊಪ್ಪಲು

ಎಲ್ಲರಿಗೂ ನಮಸ್ಕಾರ. ಮೂರು ಹಳೇ ಫೋಟೋ ಹಾಕಿದ್ದೇನೆ, ಸ್ವಲ್ಪ ನೋಡಿ ಹೇಳಿ. ನಮ್ಮ ಚಿಕ್ಕತಾತ, ಅಂದ್ರೆ ತಾತನ ತಮ್ಮ, 1950ರ ದಶಕದಲ್ಲಿ ಓದೋದಕ್ಕೆ ಇಂಗ್ಲೆಂಡಿಗೆ ಹೋಗಿದ್ದರು. ಅವರ ಟ್ರಂಕಿನಲ್ಲಿ ಇವು ಸಿಕ್ಕಿದವು.

ಮೊದಲನೇದು ಸ್ಟೇಷನ್ನಲ್ಲಿ ನಿಂತಿರುವ ಎಂಜಿನ್. ದೊಡ್ಡ ಗಾಲಿಯ ಮೇಲೆ ಕಮಾನಿನ ಥರ ಬಾಗಿದ ಹಲಗೆ, ಅದರ ಮೇಲೆ ಇಂಗ್ಲಿಷಿನಲ್ಲಿ 'ಮೈಸೂರು' ಅಂತ ಇದೆ! ಡ್ರೈವರ್ ನಿಲ್ಲೋ ಕ್ಯಾಬಿನ ಪಕ್ಕ 45586 ಅಂತ ನಂಬರ್. ಅಜ್ಜಿ ಪ್ರಕಾರ ಇದು ನಮ್ಮ ಮೈಸೂರು ಸ್ಟೇಷನ್, ಮಹಾರಾಜರ ಸ್ಪೆಷಲ್ ಟ್ರೇನು. ಅಪ್ಪ ಅಲ್ಲ ಅಂತಾರೆ, ಆದ್ರೆ ಯಾಕೆ ಅಲ್ಲ ಅಂತ ಹೇಳೋದಕ್ಕೆ ಅವರಿಗೂ ಬರಲ್ಲ.

ಎರಡನೇದರಲ್ಲಿ 'ವಿಂಡ್ಸರ್ ಕಾಸಲ್' ಅಂತ ಹೆಸರು, 4082 ಅಂತ ನಂಬರ್. ಹಿಂದೆ 'ಪ್ಯಾಡಿಂಗ್ಟನ್ 1954' ಅಂತ ಪೆನ್ಸಿಲಲ್ಲಿ ಬರೆದಿದ್ದಾರೆ. ಮೂರನೇದು ಬಣ್ಣ ಹಚ್ಚಿದ ಪೋಸ್ಟ್ ಕಾರ್ಡು. ಆಳೆತ್ತರಕ್ಕಿಂತ ದೊಡ್ಡ ಒಂದೇ ಒಂದು ಗಾಲಿ ಇರುವ ಎಂಜಿನ್, ಕೆಳಗೆ 'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಅಂತ ಅಚ್ಚಾಗಿದೆ. ನೆಟ್ಟಲ್ಲಿ ಹುಡುಕಿದರೆ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಅಂತ ಬೇರೆಯದೇ ಎಂಜಿನ್ ತೋರಿಸುತ್ತೆ.

ಡರ್ಬಿ ಕನ್ನಡಿಗ

ಅಜ್ಜಿಗೆ ಬೇಜಾರು ಮಾಡೋದು ಬೇಡ, ಆದರೆ ಮೊದಲನೇದು ನಮ್ಮ ಮೈಸೂರು ಅಲ್ಲ. ಇದು ಇಂಗ್ಲೆಂಡಿನ ಎಲ್‌ಎಂಎಸ್ ಕಂಪನಿಯ ಜ್ಯೂಬಿಲಿ ಕ್ಲಾಸ್ ಎಂಜಿನ್. ಎಲ್‌ಎಂಎಸ್ ಅಂದ್ರೆ ಲಂಡನ್ ಮಿಡ್‌ಲ್ಯಾಂಡ್ ಅಂಡ್ ಸ್ಕಾಟಿಷ್ ರೈಲ್ವೆ. ವಿಲಿಯಂ ಸ್ಟೇನಿಯರ್ ಅಲ್ಲಿ ಮುಖ್ಯ ಮೆಕ್ಯಾನಿಕಲ್ ಎಂಜಿನಿಯರ್ ಆಗಿದ್ದಾಗ, 1934ರಿಂದ 1936ರ ಒಳಗೆ, ಇಂಥವು 191 ತಯಾರಾದವು. 1935ರಲ್ಲಿ ಐದನೇ ಜಾರ್ಜ್ ದೊರೆ ಪಟ್ಟಕ್ಕೆ ಬಂದು 25 ವರ್ಷ ತುಂಬಿತು, ಅದಕ್ಕೇ ಜ್ಯೂಬಿಲಿ ಅನ್ನೋ ಹೆಸರು.

ಅಷ್ಟು ಎಂಜಿನ್ನಿಗೆ ಹೆಸರು ಎಲ್ಲಿಂದ ತರೋದು? ಸಾಮ್ರಾಜ್ಯದ ದೇಶ, ಪ್ರಾಂತ್ಯ, ಸಂಸ್ಥಾನ ಎಲ್ಲ ಬಳಸಿದರು, ಅದು ಸಾಲದೆ ನೌಕಾಪಡೆಯ ಅಡ್ಮಿರಲ್‌ಗಳು, ಯುದ್ಧದ ಹಡಗುಗಳು. ನಮ್ಮ ಕಡೆಯವು ಸಾಲಾಗಿ ಬರುತ್ತವೆ ನೋಡಿ: 5585 ಹೈದರಾಬಾದ್, 5586 ಮೈಸೂರು, 5587 ಬರೋಡಾ, 5588 ಕಾಶ್ಮೀರ, 5589 ಗ್ವಾಲಿಯರ್, 5590 ತಿರುವಾಂಕೂರು. ಮುಂದೆ 5593 ಕೊಲ್ಹಾಪುರ. ಮದ್ರಾಸ್, ಬಾಂಬೆ, ಬಂಗಾಳ, ಪಂಜಾಬ್ ಕೂಡ ಇದ್ದವು. 1948ರ ಜನವರಿ 1ಕ್ಕೆ ಎಲ್ಲ ಕಂಪನಿ ಸೇರಿಸಿ ಸರ್ಕಾರ ಬ್ರಿಟಿಷ್ ರೈಲ್ವೇಸ್ ಮಾಡಿತು. ಎಲ್‌ಎಂಎಸ್ ನಂಬರುಗಳಿಗೆ 40000 ಕೂಡಿಸಿದರು. ಹಾಗಾಗಿ 5586 ಹೋಗಿ 45586 ಆಯಿತು. ನಿಮ್ಮ ಫೋಟೋದಲ್ಲಿ ಇರೋದು ಅದೇ.

ಚಾಮುಂಡಿಪುರಂ

ಒಂದು ನಿಮಿಷ. ಗ್ಲಾಸ್ಗೋದಲ್ಲಿ ಮಾಡಿದ ಎಂಜಿನ್ನುಗಳು ನಮ್ಮ ದೇಶಕ್ಕೆ ನೂರಾರು ಬಂದಿವೆ. ಮೈಸೂರು ಸ್ಟೇಟ್ ರೈಲ್ವೇಗೂ ಇಂಗ್ಲೆಂಡಿನ ಎಂಜಿನ್ನುಗಳೇ ಬಂದಿದ್ದು. ಹೆಸರು ಮೈಸೂರು ಅಂತ ಸ್ಪಷ್ಟವಾಗಿ ಇರುವಾಗ, ನಮ್ಮಲ್ಲಿಗೆ ಹಡಗು ಹತ್ತಿಸೋ ಮುಂಚೆ ಅಲ್ಲಿ ತೆಗೆದ ಫೋಟೋ ಯಾಕಾಗಬಾರದು? ಅಜ್ಜಿ ಹೇಳಿದ್ದನ್ನ ಇಷ್ಟು ಬೇಗ ತೆಗೆದುಹಾಕಬೇಡಿ.

ಮೀಟರ್ ಗೇಜ್

ಪ್ರಶ್ನೆ ಸರಿಯಾಗೇ ಇದೆ ಸರ್. ಆದರೆ ಹೆಸರಿನ ಹಲಗೆ ಬಿಟ್ಟು ಮೂತಿ ನೋಡಿ. ಅಡ್ಡ ಪಟ್ಟಿಯ ಎಡಕ್ಕೊಂದು ಬಲಕ್ಕೊಂದು ದುಂಡಗಿನ ಬಫರ್, ಅಂದ್ರೆ ಗಾಡಿಗೆ ಗಾಡಿ ತಾಗಿದಾಗ ಪೆಟ್ಟು ತಡೆಯೋ ಬಿಲ್ಲೆ, ಇದೆ, ನಡುವೆ ಕೊಕ್ಕೆ. ನಮ್ಮ ಮೀಟರ್ ಗೇಜ್ ಎಂಜಿನ್ನಿಗೆ ಎರಡು ಬಫರ್ ಇರಲ್ಲ, ಮಧ್ಯದಲ್ಲಿ ಒಂದೇ. ಬೆಂಗಳೂರು-ಮೈಸೂರು ಲೈನು 1990ರ ದಶಕದ ತನಕ ಮೀಟರ್ ಗೇಜೇ ಆಗಿತ್ತು. ಹಳಿಯಿಂದ ಹಳಿಗೆ 1000 ಮಿಲಿಮೀಟರ್. ಇಂಗ್ಲೆಂಡಿನದು 1435. ಈ ಎಂಜಿನ್ ನಮ್ಮ ಹಳಿ ಮೇಲೆ ಕೂರೋದೇ ಇಲ್ಲ! ಮದ್ರಾಸ್ ಕಡೆಯಿಂದ ಬೆಂಗಳೂರಿಗೆ ಬರ್ತಿದ್ದ ಬ್ರಾಡ್ ಗೇಜ್ 1676, ಅದಕ್ಕೂ ಹೊಂದಲ್ಲ.

ಇನ್ನೊಂದು, ನಮ್ಮ ದೇಶದ ಎಂಜಿನ್ನಿಗೆ ಸಾಮಾನ್ಯವಾಗಿ ಮುಂದೆ ದನ ತಳ್ಳೋ ಜಾಲರಿ ಇರುತ್ತೆ. ನೆತ್ತಿ ಮೇಲೆ ದೊಡ್ಡ ಹೆಡ್‌ಲೈಟ್ ಇರುತ್ತೆ. ಇಂಗ್ಲೆಂಡಿನಲ್ಲಿ ಲೈನಿನ ಉದ್ದಕ್ಕೂ ಬೇಲಿ ಹಾಕಿರ್ತಾರೆ, ದನ ಹಳಿಗೆ ಬರೋದು ಕಡಿಮೆ, ಜಾಲರಿ ಬೇಕಿಲ್ಲ. ಹೆಡ್‌ಲೈಟೂ ಇಲ್ಲ, ಕೈಯಲ್ಲಿ ಹಿಡಿಯೋಷ್ಟು ಚಿಕ್ಕ ಎಣ್ಣೆ ದೀಪ ಸಿಕ್ಕಿಸ್ತಿದ್ರು. ಈ ಫೋಟೋದಲ್ಲಿ ಎರಡೂ ಬಫರ್ ಮೇಲೆ ಅಂಥ ದೀಪ ಕಾಣ್ತಿದೆ. ಅದು ದಾರಿ ಕಾಣೋದಕ್ಕಲ್ಲ, ಇದು ಯಾವ ಥರದ ಗಾಡಿ ಅಂತ ಸಿಗ್ನಲ್‌ನವರಿಗೆ ಗೊತ್ತಾಗೋದಕ್ಕೆ. ಬಫರಿಗೊಂದರಂತೆ ಎರಡು ಇದ್ದರೆ ಎಕ್ಸ್‌ಪ್ರೆಸ್. ಚಿಮಣಿ ಬುಡದಲ್ಲಿ ಒಂದೇ ಇದ್ದರೆ ಮಾಮೂಲಿ ಪ್ಯಾಸೆಂಜರ್. ದೊರೆಯ ಗಾಡಿ ಆದರೆ ನಾಲ್ಕು. ಮಹಾರಾಜರ ಸ್ಪೆಷಲ್ ಅನ್ನೋದಕ್ಕೆ ಇಲ್ಲಿ ಯಾವ ಗುರುತೂ ಇಲ್ಲ, ಮ್ಯಾಂಚೆಸ್ಟರೋ ಲಂಡನ್ನೋ ಎಲ್ಲಿಗೋ ಹೊರಟ ಎಕ್ಸ್‌ಪ್ರೆಸ್ ಅಷ್ಟೇ.

ಚಾಮುಂಡಿಪುರಂ

ಗೇಜ್ ಮಾತು ಒಪ್ಪಿದೆ. ಆದರೂ ಅದು ಜ್ಯೂಬಿಲಿ ಕ್ಲಾಸೇ ಅಂತ ಹೇಗೆ ಗೊತ್ತು? ಹಲಗೆ ಮುಚ್ಚಿಟ್ಟು ಹೇಳಿ ನೋಡೋಣ. ನನಗಂತೂ ಎಲ್ಲ ಉಗಿ ಎಂಜಿನ್ನೂ ಒಂದೇ ಥರ ಕಾಣುತ್ತೆ, ಕಪ್ಪು ಡ್ರಮ್ಮಿಗೆ ಗಾಲಿ ಹಚ್ಚಿದ ಹಾಗೆ.

ಕಲ್ಲಿದ್ದಲು

ಸವಾಲು ಚೆನ್ನಾಗಿದೆ. ಹಲಗೆ ಮುಚ್ಚೋಣ.

ಮೊದಲು ಗಾಲಿ ಎಣಿಸಬೇಕು. ಮುಂದೆ ಚಿಕ್ಕ ಗಾಲಿ ಎರಡು, ಆಮೇಲೆ ರಾಡಿನಿಂದ ಜೋಡಿಸಿದ ದೊಡ್ಡ ಗಾಲಿ ಮೂರು, ಹಿಂದೆ ಏನೂ ಇಲ್ಲ. ನಮಗೆ ಕಾಣೋದು ಒಂದೇ ಮಗ್ಗುಲು, ಹಾಗಾಗಿ ಎರಡರಿಂದ ಗುಣಿಸಿ: 4-6-0. ಟೆಂಡರಿನ, ಅಂದ್ರೆ ಹಿಂದಿನ ಕಲ್ಲಿದ್ದಲು, ನೀರಿನ ಗಾಡಿಯ ಗಾಲಿ ಇದರಲ್ಲಿ ಸೇರಲ್ಲ, ಹೊಸಬರು ಅದನ್ನೂ ಎಣಿಸಿಬಿಡ್ತಾರೆ. 4-6-0 ಅಂದ ತಕ್ಷಣ ಅರ್ಧಕ್ಕಿಂತ ಜಾಸ್ತಿ ಎಂಜಿನ್ನುಗಳು ಲೆಕ್ಕದಿಂದ ಹೊರಗೆ ಹೋದವು.

ಆಮೇಲೆ ಬಾಯ್ಲರ್. ಕ್ಯಾಬಿನ ಕಡೆ ದಪ್ಪ, ಚಿಮಣಿ ಕಡೆಗೆ ಬರ್ತಾ ಸಣ್ಣ ಆಗಿದೆ. ಕ್ಯಾಬಿಗೆ ತಾಗಿದ ಬೆಂಕಿ ಪೆಟ್ಟಿಗೆಯ ಭುಜ ಚೌಕಾಕಾರ. ಸ್ಟೇನಿಯರ್ ಎಲ್‌ಎಂಎಸ್‌ಗೆ ಬಂದಿದ್ದು ಗ್ರೇಟ್ ವೆಸ್ಟರ್ನ್ ಕಂಪನಿಯಿಂದ, ಈ ಎರಡೂ ಅಭ್ಯಾಸ ಅಲ್ಲಿಂದಲೇ ತಂದಿದ್ದು. ಹಾಗಾದ್ರೆ ಗ್ರೇಟ್ ವೆಸ್ಟರ್ನ್ ಯಾಕಲ್ಲ? ಗಾಲಿ ಪಕ್ಕದ ಕಡ್ಡಿಗಳನ್ನ ನೋಡಿ. ಇಲ್ಲಿ ವಾಲ್ಶರ್ಟ್ಸ್ ವಾಲ್ವ್ ಗೇರ್, ಅಂದ್ರೆ ಸಿಲಿಂಡರಿಗೆ ಉಗಿ ಬಿಡೋ ವಾಲ್ವ್ ನಡೆಸೋ ಜೋಡಣೆ, ಪೂರ್ತಿ ಹೊರಗೆ ಕಾಣ್ತಿದೆ, ಸಂದು ಸಂದಾಗಿ ಕಡ್ಡಿಗಳು. ಗ್ರೇಟ್ ವೆಸ್ಟರ್ನ್‌ನ ಕಾಸಲ್, ಕಿಂಗ್, ಹಾಲ್ ಎಂಜಿನ್ನುಗಳಲ್ಲಿ ಅದೆಲ್ಲ ಒಳಗಡೆ, ಹೊರಗೆ ರಾಡು ಮಾತ್ರ, ಬಹಳ ಬೋಳಾಗಿ ಕಾಣುತ್ತೆ.

ಈಗ ಎಲ್‌ಎಂಎಸ್ ಒಳಗೇ ಜಗಳ. ಸ್ಟೇನಿಯರ್‌ನ ಬ್ಲ್ಯಾಕ್ ಫೈವ್ ಅಂತ ಇನ್ನೊಂದು 4-6-0 ಇದೆ. 1934ರಿಂದ 1951ರ ತನಕ 842 ಮಾಡಿದರು. ಜ್ಯೂಬಿಲಿಗೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಆದರೆ ಬ್ಲ್ಯಾಕ್ ಫೈವ್ ಗಾಲಿ 6 ಅಡಿ, ಜ್ಯೂಬಿಲಿಯದು 6 ಅಡಿ 9 ಇಂಚು. ಗಾಲಿ ದೊಡ್ಡದಾದ್ದರಿಂದ ಪಕ್ಕದ ಓಡಾಡೋ ಪಟ್ಟಿಯ ಮೇಲೆ ಗಾಲಿ ಕವಚ ಎದ್ದು ಕಾಣುತ್ತೆ, ಹೆಸರಿನ ಹಲಗೆ ಕೂತಿರೋದೇ ಅದರ ಮೇಲೆ. ಬ್ಲ್ಯಾಕ್ ಫೈವ್‌ಗೆ ಹೆಸರು ಇದ್ದದ್ದು ಬೆರಳೆಣಿಕೆಯಷ್ಟಕ್ಕೆ. ಎಲ್‌ಎಂಎಸ್‌ನದೇ ಪೇಟ್ರಿಯಟ್ ಕ್ಲಾಸ್ ಇರಬಹುದಾ? ಅದರ ಮೂಲ ರೂಪದಲ್ಲಿ ಬಾಯ್ಲರ್ ಉದ್ದಕ್ಕೂ ಒಂದೇ ದಪ್ಪ. ತಿದ್ದಿ ಕಟ್ಟಿದ ರಾಯಲ್ ಸ್ಕಾಟ್ ಕ್ಲಾಸ್? ಅದಕ್ಕೆ ಜೋಡಿ ಚಿಮಣಿ, 1947ರ ನಂತರ ಮೂತಿಯ ಎರಡೂ ಕಡೆ ಹೊಗೆ ತಡೆಯೋ ತಗಡು. ಇಲ್ಲಿ ಎರಡೂ ಇಲ್ಲ. ಉಳಿದಿದ್ದು ಜ್ಯೂಬಿಲಿ.

ನಂಬರ್ ಓದಿದ್ದು ಕೊನೆಗೆ ತಾಳೆ ನೋಡೋದಕ್ಕೆ. ನಂಬರಿನಿಂದ ಶುರು ಮಾಡಿದರೆ ಮೋಸ ಹೋಗೋ ಸಾಧ್ಯತೆ ಇದೆ, ನಿಮ್ಮ ಎರಡನೇ ಫೋಟೋಗೆ ಬಂದಾಗ ಹೇಳ್ತೀನಿ.

ಒಂಟಿಕೊಪ್ಪಲು

ಅಬ್ಬಾ! ಇಷ್ಟೆಲ್ಲ ಒಂದು ಫೋಟೋದಲ್ಲಿ ಇದೆಯಾ. ಮೊದಲನೇದರ ಹಿಂಬದಿ ಈಗ ಸ್ಕ್ಯಾನ್ ಮಾಡಿ ಹಾಕಿದ್ದೇನೆ. ಪೆನ್ಸಿಲಲ್ಲಿ 'ಲಂಡನ್ ರೋಡ್, ಎಂ/ಸಿ' ಅಂತಿದೆ. ಲಂಡನ್ನಿನ ಯಾವುದೋ ರಸ್ತೆ ಅಂದುಕೊಂಡಿದ್ವಿ. ಇಸವಿ ಇಲ್ಲ. ಚಿಕ್ಕತಾತ ಯಾವ ವರ್ಷದಿಂದ ಯಾವ ವರ್ಷದ ತನಕ ಅಲ್ಲಿದ್ದರು ಅಂತ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಅದಕ್ಕೇ ಫೋಟೋ ಇಸವಿ ಗೊತ್ತಾದರೆ ಉಪಕಾರ ಆಗುತ್ತೆ.

ಡರ್ಬಿ ಕನ್ನಡಿಗ

ಹಿಂಬದಿ ಹಾಕಿದ್ದು ಬಹಳ ಒಳ್ಳೇದಾಯ್ತು. ಅದು ಲಂಡನ್ನಿನ ರಸ್ತೆ ಅಲ್ಲ. ಮ್ಯಾಂಚೆಸ್ಟರಿನ ದೊಡ್ಡ ಸ್ಟೇಷನ್ನಿನ ಹೆಸರೇ ಲಂಡನ್ ರೋಡ್ ಅಂತಿತ್ತು. ಎಂ/ಸಿ ಅಂದ್ರೆ ಮ್ಯಾಂಚೆಸ್ಟರ್, ಇಲ್ಲಿನವರು ಹಾಗೇ ಚಿಕ್ಕದಾಗಿ ಬರೀತಾರೆ. 1960ರಲ್ಲಿ ಆ ಸ್ಟೇಷನ್ನಿಗೆ ಪಿಕಡಿಲಿ ಅಂತ ಹೆಸರು ಬದಲಾಯಿಸಿದರು. ಲಂಡನ್ನಿನ ಯೂಸ್ಟನ್‌ಗೆ ಹೋಗೋ ಎಕ್ಸ್‌ಪ್ರೆಸ್ಸುಗಳು ಅಲ್ಲಿಂದ ಹೊರಡ್ತಿದ್ದವು, ಜ್ಯೂಬಿಲಿಗಳು ಆ ದಾರಿಯಲ್ಲಿ ಮಾಮೂಲಿ. ಈಗ ಎರಡು ದೀಪ, ಎಕ್ಸ್‌ಪ್ರೆಸ್ ಅಂದಿದ್ದು, ಎಲ್ಲ ಒಂದಕ್ಕೊಂದು ಹೊಂದಿಕೊಳ್ತು.

ಕಲ್ಲಿದ್ದಲು

ಇಸವಿ ಬೇಕಾದರೆ ಟೆಂಡರ್ ನೋಡಿ. ಅದರ ಪಕ್ಕದಲ್ಲಿ ಕಂಪನಿ ಗುರುತು ಇರುತ್ತೆ.

1948ರ ಶುರುವಿನಲ್ಲಿ 'ಬ್ರಿಟಿಷ್ ರೈಲ್ವೇಸ್' ಅಂತ ಪೂರ್ತಿ ಅಕ್ಷರದಲ್ಲಿ ಬರೆಸ್ತಿದ್ರು. ಒಂದೆರಡು ವರ್ಷ ಅಷ್ಟೇ. ಆಮೇಲೆ ಚಕ್ರದ ಮೇಲೆ ನಿಂತ ಸಿಂಹದ ಗುರುತು ಬಂತು, ಸಿಂಹ ಒಂಟಿ ಚಕ್ರದ ಸೈಕಲ್ ತುಳೀತಿದೆ ಅಂತ ಜನ ನಗಾಡಿದರು. 1956ರಲ್ಲಿ ಅದು ಹೋಗಿ ಹೊಸದು: ಕಿರೀಟದಿಂದ ಮೇಲೆದ್ದ ಸಿಂಹ, ಕೈಯಲ್ಲಿ ಚಕ್ರ ಹಿಡಿದಿದೆ. ಈ ಹೊಸ ಗುರುತಿನಲ್ಲೂ ಒಂದು ತಮಾಷೆ ಇದೆ. ಎಂಜಿನ್ನಿನ ಎರಡೂ ಮಗ್ಗುಲಲ್ಲಿ ಸಿಂಹ ಮುಂದಕ್ಕೇ ನೋಡಲಿ ಅಂತ ಒಂದು ಕಡೆ ಬಲಕ್ಕೆ ತಿರುಗಿಸಿದರು. ಲಾಂಛನದ ನಿಯಮ ನೋಡಿಕೊಳ್ಳೋರು ಸಿಂಹ ಎಡಕ್ಕೇ ನೋಡಬೇಕು ಅಂದರು, ಆಮೇಲೆ ಸರಿ ಮಾಡಿದರು. ಹಾಗಾಗಿ ಬಲಕ್ಕೆ ನೋಡೋ ಸಿಂಹ ಕಂಡರೆ ಆ ಬಣ್ಣ 1956ರ ನಂತರದ ಕೆಲವೇ ವರ್ಷದ್ದು.

ನಿಮ್ಮ ಫೋಟೋದಲ್ಲಿ ಸೈಕಲ್ ಸಿಂಹ. ಅಂದ್ರೆ 1949-50ರಿಂದ ಈಚೆಗೆ. ಆ ಕಡೆಯ ಗಡಿ 1956 ಅಂತ ಗೆರೆ ಎಳೆಯೋದಕ್ಕೆ ಆಗಲ್ಲ, ಯಾಕಂದ್ರೆ ಹೊಸ ಗುರುತು ಬಂತು ಅಂತ ಮಾರನೇ ದಿನವೇ ಎಲ್ಲ ಎಂಜಿನ್ನಿಗೆ ಬಣ್ಣ ಬಳಿಯಲ್ಲ, ವರ್ಕ್‌ಶಾಪಿಗೆ ಬಂದಾಗ ಮಾತ್ರ. ಹಳೇ ಗುರುತು ಹೊತ್ತುಕೊಂಡೇ ಮತ್ತೆರಡು ಮೂರು ವರ್ಷ ಓಡಾಡಿದವು ಬೇಕಾದಷ್ಟಿದ್ದವು. ಇನ್ನೊಂದು ಕುರುಹು, ತಲೆ ಮೇಲೆ ಕರೆಂಟ್ ತಂತಿ ಇಲ್ಲ. ಮ್ಯಾಂಚೆಸ್ಟರಿನಿಂದ ಕ್ರೂ ಅನ್ನೋ ಊರಿಗೆ ಹೋಗೋ ಲೈನಿನಲ್ಲಿ ವಿದ್ಯುತ್ ರೈಲು ಶುರುವಾಗಿದ್ದು 1960ರ ಸೆಪ್ಟೆಂಬರಿನಲ್ಲಿ, ಕಂಬ ನೆಡೋ ಕೆಲಸ ಅದಕ್ಕೂ ಮುಂಚೆ. ಒಟ್ಟಿನಲ್ಲಿ 1950ರಿಂದ 1958ರ ಒಳಗೆ. ಜನ ಹಾಕಿರೋ ಕೋಟು ನೋಡಿದರೆ ಬೇಸಿಗೆ ಅಲ್ಲ. ಇಂಗ್ಲೆಂಡಿನಲ್ಲಿ ಆ ಮಾತಿಗೆ ಬೆಲೆ ಕಡಿಮೆ ಬಿಡಿ.

ಕಂಪನಿಗಳ ಕಾಲಕ್ಕೂ ಇಂಥದ್ದೇ ಗುರುತುಗಳಿವೆ. ಎಲ್‌ಎಂಎಸ್ 1928ರ ತನಕ ದೊಡ್ಡ ನಂಬರನ್ನ ಟೆಂಡರ್ ಮೇಲೆ ಬರೆಸ್ತಿತ್ತು, ಆಮೇಲೆ ನಂಬರ್ ಕ್ಯಾಬಿಗೆ ಹೋಯ್ತು, ಟೆಂಡರ್ ಮೇಲೆ ಎಲ್‌ಎಂಎಸ್ ಅಂತ ಅಕ್ಷರ ಬಂತು. ಗ್ರೇಟ್ ವೆಸ್ಟರ್ನ್ ಟೆಂಡರಿನ ಮೇಲೆ ಅಂಗಿ ಗುಂಡಿಯಂಥ ದುಂಡು ಗುರುತಿದ್ದರೆ 1934ರ ನಂತರದ್ದು. ತೀರಾ ಕೊನೆಗಾಲಕ್ಕೆ ಬಂದರೆ ಕ್ಯಾಬಿನ ಪಕ್ಕ ಓರೆಯಾಗಿ ಹಳದಿ ಪಟ್ಟಿ: ಈ ಎಂಜಿನ್ ಕ್ರೂನಿಂದ ದಕ್ಷಿಣಕ್ಕೆ ತಂತಿ ಕೆಳಗೆ ಹೋಗಬಾರದು ಅಂತ 1964ರಲ್ಲಿ ಬಳಿದಿದ್ದು. ಆ ಪಟ್ಟಿ ಕಂಡರೆ ಇಸವಿ ವಿಚಾರಕ್ಕೆ ಚರ್ಚೆನೇ ಬೇಡ.

ಪ್ಲಾಟ್‌ಫಾರಂ ಟಿಕೆಟ್

ಸ್ವಾತಂತ್ರ್ಯ ಬಂದ ಮೇಲೂ ಹೈದರಾಬಾದ್, ಮೈಸೂರು ಅಂತ ಹೆಸರು ಹಾಗೇ ಇಟ್ಕೊಂಡಿದ್ರಾ ಅವರು?

ಡರ್ಬಿ ಕನ್ನಡಿಗ

ಇಟ್ಕೊಂಡ್ರು. ಕೆಲವು ಮಾತ್ರ ಬದಲಾದವು. ಐರಿಷ್ ಫ್ರೀ ಸ್ಟೇಟ್ ಅನ್ನೋದು ಐರೆ ಆಯ್ತು. ಗೋಲ್ಡ್ ಕೋಸ್ಟ್ ಅನ್ನೋ ಎಂಜಿನ್ನಿಗೆ 1958ರಲ್ಲಿ ಘಾನಾ ಅಂತ ಹಲಗೆ ಹಾಕಿದರು, ನಂಬರ್ ಮಾತ್ರ ಅದೇ 45610. ಇಂಥ ಬದಲಾವಣೆಯೂ ಫೋಟೋದ ಇಸವಿ ಹಿಡಿಯೋದಕ್ಕೆ ಆಗುತ್ತೆ.

191ರಲ್ಲಿ ಈಗ ಉಳಿದಿರೋದು ನಾಲ್ಕೇ: ಕೊಲ್ಹಾಪುರ, ಬಹಾಮಾಸ್, ಲಿಯಾಂಡರ್, ಗಲಾಟಿಯಾ. ನಮ್ಮ ಪಕ್ಕದೂರಿನ ಹೆಸರು ಉಳೀತು, ಮೈಸೂರು ಗುಜರಿಗೆ ಹೋಯ್ತು. ನನಗಂತೂ ಹೊಟ್ಟೆ ಉರಿಯುತ್ತೆ.

ಕಲ್ಲಿದ್ದಲು

ಈಗ ಎರಡನೇ ಫೋಟೋ, ವಿಂಡ್ಸರ್ ಕಾಸಲ್. ನನಗೆ ಇದೇ ಜಾಸ್ತಿ ಇಷ್ಟ ಆಯ್ತು.

4082 ವಿಂಡ್ಸರ್ ಕಾಸಲ್ 1924ರಲ್ಲಿ ಸ್ವಿಂಡನ್ ಕಾರ್ಖಾನೆಯಲ್ಲಿ ತಯಾರಾಗಿದ್ದು. ಆ ವರ್ಷ ಏಪ್ರಿಲ್‌ನಲ್ಲಿ ಐದನೇ ಜಾರ್ಜ್ ಕಾರ್ಖಾನೆ ನೋಡೋದಕ್ಕೆ ಬಂದಾಗ ತಾವೇ ಇದನ್ನ ನಡೆಸಿಕೊಂಡು ಸ್ಟೇಷನ್ ತನಕ ಬಂದರು. ಹಾಗಾಗಿ ರಾಜಮನೆತನದ ಎಂಜಿನ್ ಅಂತ ಹೆಸರಾಯ್ತು. 1952ರ ಫೆಬ್ರವರಿಯಲ್ಲಿ ಆರನೇ ಜಾರ್ಜ್ ತೀರಿಕೊಂಡರು. ಪಾರ್ಥಿವ ಶರೀರವನ್ನ ಪ್ಯಾಡಿಂಗ್ಟನ್‌ನಿಂದ ವಿಂಡ್ಸರ್‌ಗೆ ರೈಲಿನಲ್ಲಿ ಒಯ್ಯಬೇಕು. ವಿಂಡ್ಸರ್ ಕಾಸಲ್ ಎಂಜಿನ್ನೇ ಎಳೀಬೇಕು ಅಂತ ಎಲ್ಲರ ಆಸೆ. ಅದು ನೋಡಿದರೆ ವರ್ಕ್‌ಶಾಪಿನಲ್ಲಿ ಬಿಚ್ಚಿಕೊಂಡು ಬಿದ್ದಿದೆ! ಏನು ಮಾಡಿದರು ಗೊತ್ತಾ, 7013 ಬ್ರಿಸ್ಟಲ್ ಕಾಸಲ್ ಅನ್ನೋ ಎಂಜಿನ್ನಿಗೆ ವಿಂಡ್ಸರ್ ಕಾಸಲ್ ಹಲಗೆ, 4082 ನಂಬರ್ ಹಾಕಿ ಕಳಿಸಿದರು. 7013 ಆಗಿದ್ದು 1948ರಲ್ಲಿ. 24 ವರ್ಷ ಚಿಕ್ಕದು. ಎಂಜಿನ್ ಹುಚ್ಚು ಇರೋರಿಗೆ ನೋಡಿದ ತಕ್ಷಣ ಗೊತ್ತಾಗಿ ಹೋಯ್ತು.

ಮುಖ್ಯ ವಿಷಯ ಏನಪ್ಪ ಅಂದ್ರೆ, ಅವುಗಳ ಹೆಸರು ಮತ್ತೆ ಅದಲು ಬದಲು ಆಗಲೇ ಇಲ್ಲ. ಕೊನೆ ತನಕ ಹಾಗೇ ಓಡಿದವು. ನಿಮ್ಮ ಚಿಕ್ಕತಾತ ಬರೆದಿರೋ 1954 ಸರಿ ಇದ್ದರೆ, ಅವರು ನೋಡಿದ ವಿಂಡ್ಸರ್ ಕಾಸಲ್ ನಿಜವಾಗಿ ಬ್ರಿಸ್ಟಲ್ ಕಾಸಲ್. ದೊರೆ ನಡೆಸಿದ ಎಂಜಿನ್ ಅಲ್ಲ. ಆಲ್ಬಂನಲ್ಲಿ ಬರೆದಿಡುವಾಗ ಎರಡೂ ನಂಬರ್ ಬರೀರಿ.

ಇದೊಂದೇ ಅಲ್ಲ. 1933ರಲ್ಲಿ ಎಲ್‌ಎಂಎಸ್‌ನ 6100 ರಾಯಲ್ ಸ್ಕಾಟ್ ಅಂತ ಶಿಕಾಗೋ ಪ್ರದರ್ಶನಕ್ಕೆ ಹೋಗಿದ್ದು ಮೂಲದಲ್ಲಿ 6152. ಅದೂ ವಾಪಸ್ ಬದಲಾಗಲಿಲ್ಲ. 1939ರಲ್ಲಿ ಅಮೆರಿಕಕ್ಕೆ ಹೋದ 6220 ಕೊರೊನೇಷನ್ ನಿಜವಾಗಿ 6229 ಡಚೆಸ್ ಆಫ್ ಹ್ಯಾಮಿಲ್ಟನ್, ಯುದ್ಧದ ಮಧ್ಯೆ ಅದನ್ನ ಸರಿಪಡಿಸಿದರು. ನಿಮ್ಮ ಮೈಸೂರಿನ ಕ್ಲಾಸಿನ ಮೊದಲ ಎಂಜಿನ್ ಸಿಲ್ವರ್ ಜ್ಯೂಬಿಲಿ, 5552, ಅದೂ 1935ರಲ್ಲಿ 5642ರ ಜೊತೆ ನಂಬರ್ ಬದಲಾಯಿಸಿಕೊಂಡಿದ್ದು. ದೊಡ್ಡ ಸಮಾರಂಭ ಇದ್ದಲ್ಲೆಲ್ಲ ಸ್ವಲ್ಪ ಅನುಮಾನ ಇಟ್ಕೊಂಡೇ ನೋಡಬೇಕು.

ಚಾಮುಂಡಿಪುರಂ

ಇದು ಒಳ್ಳೆ ನಾಟಕ! ನಂಬರ್ ಅನ್ನೋದು ಬರೀ ತಗಡು ಅನ್ನಿ ಹಾಗಾದ್ರೆ.

ಮೀಟರ್ ಗೇಜ್

ಅಷ್ಟು ದೂರ ಹೋಗಬೇಡಿ ಸರ್. ನೂರಕ್ಕೆ ತೊಂಬತ್ತೊಂಬತ್ತು ಸಲ ನಂಬರ್ ಸರಿಯಾಗೇ ಇರುತ್ತೆ. ಬ್ರಿಟಿಷ್ ರೈಲ್ವೇಸ್ ಕಾಲದ್ದಾದರೆ ಅದರಿಂದ ಹಳೇ ಕಂಪನಿ ಕೂಡ ಸಿಗುತ್ತೆ. 30 ಸಾವಿರದ ಸುಮಾರಿನಲ್ಲಿ ಇದ್ದರೆ ಸದರ್ನ್, 40 ಮತ್ತು 50 ಸಾವಿರದಲ್ಲಿ ಇದ್ದರೆ ಎಲ್‌ಎಂಎಸ್, 60 ಸಾವಿರದಲ್ಲಿ ಎಲ್‌ಎನ್‌ಇಆರ್, ಅಂದ್ರೆ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ. ಗ್ರೇಟ್ ವೆಸ್ಟರ್ನ್ ನಂಬರ್ ಮಾತ್ರ ಬದಲಾಯಿಸಲಿಲ್ಲ. ಅವರದು ಎರಕ ಹೊಯ್ದ ಲೋಹದ ನಂಬರ್ ಪ್ಲೇಟು, ಅದನ್ನೆಲ್ಲ ಹೊಸದಾಗಿ ಎರಕ ಹುಯ್ಯಬೇಕಿತ್ತು. ಅದಕ್ಕೇ 1954ರಲ್ಲೂ 4082 ಅಂತ ನಾಲ್ಕೇ ಅಂಕಿ. ಮೂತಿ ಮೇಲೆ ಕೆಳಗಡೆ ಮೊಟ್ಟೆ ಆಕಾರದ ಸಣ್ಣ ಪ್ಲೇಟು ಇರುತ್ತೆ ನೋಡಿ, ಅದು ಯಾವ ಶೆಡ್ಡಿನ ಎಂಜಿನ್ ಅನ್ನೋದಕ್ಕೆ. 5ಎ ಅಂದ್ರೆ ಕ್ರೂ ನಾರ್ತ್, 81ಎ ಅಂದ್ರೆ ಲಂಡನ್ನಿನ ಓಲ್ಡ್ ಓಕ್ ಕಾಮನ್. ನಿಮ್ಮ ಫೋಟೋದಲ್ಲಿ ಅಲ್ಲಿ ಬಿಸಿಲು ಬಿದ್ದು ಬೆಳ್ಳಗಾಗಿದೆ.

ಒಂಟಿಕೊಪ್ಪಲು

ಹಾಗಾದ್ರೆ ಆ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಕಾರ್ಡು ಕೂಡ ಸುಳ್ಳಾ?

ಡರ್ಬಿ ಕನ್ನಡಿಗ

ಸುಳ್ಳಲ್ಲ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಅನ್ನೋದು ಮೊದಲು ಟ್ರೇನಿನ ಹೆಸರು. ಲಂಡನ್ ಕಿಂಗ್ಸ್ ಕ್ರಾಸ್‌ನಿಂದ ಬೆಳಿಗ್ಗೆ 10 ಗಂಟೆಗೆ ಎಡಿನ್‌ಬರೋಗೆ ಹೊರಡ್ತಿದ್ದ ಗಾಡಿ, 1862ರಲ್ಲಿ ಶುರುವಾಗಿದ್ದು. ಜನ ಅದನ್ನ ಹಾಗೆ ಕರೀತಿದ್ರು, ಅಧಿಕೃತ ಹೆಸರಾಗಿದ್ದು 1924ರಲ್ಲಿ. ನೀವು ನೆಟ್ಟಲ್ಲಿ ನೋಡಿದ ಹಸಿರು ಎಂಜಿನ್ 1923ರಲ್ಲಿ ಡಾಂಕಾಸ್ಟರ್‌ನಲ್ಲಿ ಆಗಿದ್ದು, 4-6-2. ಅದಕ್ಕೆ ಟ್ರೇನಿನ ಹೆಸರನ್ನೇ ಇಟ್ಟರು. ಅದು ಹುಟ್ಟಿದಾಗ 1472, ಆಮೇಲೆ 4472, 1946ರಲ್ಲಿ 103, ಬ್ರಿಟಿಷ್ ರೈಲ್ವೇಸ್‌ನಲ್ಲಿ 60103. ಒಂದೇ ಎಂಜಿನ್ ಇಷ್ಟು ನಂಬರ್ ಹೊತ್ತಿದೆ. ಮೂತಿ ಪಕ್ಕ ಹೊಗೆ ತಡೆಯೋ ತಗಡು ಇದ್ದರೆ ಅದು 1961ರ ನಂತರದ ಫೋಟೋ.

ನಿಮ್ಮ ಕಾರ್ಡಿನ ಒಂಟಿ ದೊಡ್ಡ ಗಾಲಿಯದು ಸ್ಟರ್ಲಿಂಗ್ ಸಿಂಗಲ್. 4-2-2. ಪ್ಯಾಟ್ರಿಕ್ ಸ್ಟರ್ಲಿಂಗ್ ಗ್ರೇಟ್ ನಾರ್ದರ್ನ್ ಕಂಪನಿಗೆ ಮಾಡಿದ್ದು, ಮೊದಲನೇದು 1870ರಲ್ಲಿ. ಆ ಗಾಲಿಯ ಎತ್ತರ 8 ಅಡಿ ದಾಟುತ್ತೆ. ಬಾಯ್ಲರ್ ಮೇಲೆ ಗುಮ್ಮಟ ಇಲ್ಲ, ಬೆನ್ನು ನುಣ್ಣಗಿದೆ, ಅದೇ ಗುರುತು. ಅದೇ 10 ಗಂಟೆ ಗಾಡಿಯನ್ನ ಈ ಎಂಜಿನ್ನುಗಳು ಎಳೀತಿದ್ದವು. ಹಾಗಾಗಿ ಕಾರ್ಡಿನವರು ಬರೆದಿದ್ದು ಟ್ರೇನಿನ ಹೆಸರು, ನೀವು ಓದಿದ್ದು ಎಂಜಿನ್ನಿನ ಹೆಸರಾಗಿ. ಇದರಲ್ಲಿ ಮೊದಲನೇದು, ನಂಬರ್ 1, ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂಗೆ ಸೇರಿದ್ದು. ಈ ಕಡೆ ಬಂದರೆ ಅದರ ಗಾಲಿ ಪಕ್ಕ ನಿಂತು ಒಂದು ಫೋಟೋ ತೆಗೆಸ್ಕೊಳ್ಳಿ, ನಾವೆಲ್ಲ ಎಷ್ಟು ಕುಳ್ಳ ಅಂತ ಗೊತ್ತಾಗುತ್ತೆ.

ಬಣ್ಣ ಮಾತ್ರ ನಂಬಬೇಡಿ. ಕಪ್ಪು ಬಿಳುಪು ಫೋಟೋ ಮೇಲೆ ಎಲ್ಲೋ ಕೂತ ಕಲಾವಿದರು ಕೈಯಲ್ಲಿ ಹಚ್ಚಿದ್ದು.

ಕಲ್ಲಿದ್ದಲು

ಕಪ್ಪು ಬಿಳುಪಿನಲ್ಲೂ ಬಣ್ಣದ ಮೋಸ ಇದೆ. ಹಳೇ ಕಾಲದ ಗಾಜಿನ ಪ್ಲೇಟು, ಫಿಲಂಗಳಿಗೆ ಕೆಂಪು ಬಣ್ಣ ಕಾಣ್ತಿರಲಿಲ್ಲ. ಕೆಂಪು ಎಂಜಿನ್ ಫೋಟೋದಲ್ಲಿ ಕಪ್ಪಾಗಿ ಬರುತ್ತೆ, ನೀಲಿ ಬೆಳ್ಳಗಾಗುತ್ತೆ. ಮಿಡ್‌ಲ್ಯಾಂಡ್ ಕಂಪನಿಯ ಕಡುಗೆಂಪು ಎಂಜಿನ್ನುಗಳು ಹಳೇ ಫೋಟೋಗಳಲ್ಲಿ ಇದ್ದಿಲಿನ ಬಣ್ಣಕ್ಕಿರೋದು ಇದಕ್ಕೇ. ಅದನ್ನ ನೋಡಿ 'ಸರಕು ಎಂಜಿನ್, ಕಪ್ಪು ಬಣ್ಣ' ಅಂತ ಬರೆದಿರೋ ಕ್ಯಾಪ್ಷನ್ನುಗಳು ನೆಟ್ಟಿನ ತುಂಬ ಇವೆ.

ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದೂ ಇರುತ್ತೆ. ನಂಬರ್ ಕಾಣದಿದ್ದರೆ ಹಳಿ ನೋಡಿ. ಇಂಗ್ಲೆಂಡಿನಲ್ಲೂ ನಮ್ಮ ಹಾಗೇ ಗಾಡಿ ಎಡಗಡೆ ಹಳಿಯಲ್ಲಿ ಹೋಗುತ್ತೆ. ಜೋಡಿ ಹಳಿಯಲ್ಲಿ ನಿಮ್ಮ ಎದುರಿಗೆ ಬರೋ ಗಾಡಿ ನಿಮ್ಮ ಬಲಗಡೆ ಕಾಣಬೇಕು. ಎಡಗಡೆ ಇದ್ದರೆ ಒಂದೋ ಸ್ಟೇಷನ್ ಒಳಗಿನ ವಿಶೇಷ, ಇಲ್ಲಾ ನೆಗೆಟಿವ್ ಉಲ್ಟಾ.

ಗದಗ ಜಂಕ್ಷನ್

ನಡುವೆ ಬಾಯಿ ಹಾಕ್ತೀನಿ ಅಂತ ತಪ್ಪು ತಿಳೀಬ್ಯಾಡ್ರಿ. ನಮ್ಮ ಅಜ್ಜಾರು ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದರು. ಅವರ ಹತ್ತಿರ ಒಂದು ದೊಡ್ಡ ಫೋಟೋ ಇತ್ತು, ಈಗ ನಮ್ಮ ಗೋಡೆ ಮೇಲೆ ಐತಿ. ಎಂಜಿನ್ ಒಂದೇ ನಿಂತೈತಿ, ಹಿಂದೆ ಏನೂ ಇಲ್ಲ, ಬರೀ ಬಿಳಿ. ಮನುಷ್ಯರಿಲ್ಲ, ಗಿಡ ಇಲ್ಲ. ಬಣ್ಣ ಬೂದಿ ಹಂಗ ಕಾಣ್ತೈತಿ. ಟೆಂಡರಿನ ಮೇಲೆ ಎಂ ಅಂಡ್ ಎಸ್ ಎಂ ಆರ್ ಅಂತ ಐತಿ. ಇದು ಹುಬ್ಬಳ್ಳಿಯೊಳಗ ತೆಗೆದದ್ದೋ, ಬಿಲಾಯತಿಯೊಳಗೋ?

ಮೀಟರ್ ಗೇಜ್

ಗದಗದವರೇ, ಇದು ಕಾರ್ಖಾನೆಯವರ ಅಧಿಕೃತ ಫೋಟೋ, ಇಂಗ್ಲೆಂಡ್ ಅಥವಾ ಸ್ಕಾಟ್‌ಲೆಂಡಿನಲ್ಲಿ ತೆಗೆದದ್ದು. ಹೊಸ ಎಂಜಿನ್ ಹೊರಗೆ ಬಂದ ಮೇಲೆ ಫೋಟೋಗೋಸ್ಕರ ಬೂದು ಬಣ್ಣ ಬಳೀತಿದ್ರು. ಹೊಳೆಯೋ ಬಣ್ಣ ಇದ್ದರೆ ಬೆಳಕು ಬಡಿದು ಮೊಳೆ, ಬೋಲ್ಟು ಕಾಣಲ್ಲ. ಬೂದು ಬಣ್ಣದಲ್ಲಿ ಪ್ರತಿಯೊಂದು ರಿವೆಟ್ ಕಾಣುತ್ತೆ. ಹಿಂದಿನ ಕಟ್ಟಡ, ಆಕಾಶ ಎಲ್ಲ ನೆಗೆಟಿವ್ ಮೇಲೇ ಬಣ್ಣ ಹಚ್ಚಿ ಅಳಿಸಿಬಿಡ್ತಿದ್ರು, ಅದಕ್ಕೇ ಬರೀ ಬಿಳಿ. ಆಮೇಲೆ ನಿಜವಾದ ಬಣ್ಣ ಬಳಿದು ಹಡಗಿಗೆ ಹಾಕ್ತಿದ್ರು. ಎಂ ಅಂಡ್ ಎಸ್ ಎಂ, ಅಂದ್ರೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, ಶುರುವಾಗಿದ್ದು 1908ರಲ್ಲಿ. ಹಾಗಾಗಿ ಫೋಟೋ ಅದಕ್ಕಿಂತ ಹಳೇದಲ್ಲ.

ಎಂಜಿನ್ನಿನ ಮೇಲೆ ತಯಾರಿಸಿದವರ ಪ್ಲೇಟು ಇರುತ್ತೆ, ಆಕಾರ ಹೇಳಿ. ಬಫರ್ ಒಂದಾ ಎರಡಾ ಅದನ್ನೂ ಹೇಳಿ.

ಗದಗ ಜಂಕ್ಷನ್

ಬಫರ್ ನಡುವ ಒಂದ ಐತ್ರಿ. ಪ್ಲೇಟು ವಜ್ರದ ಆಕಾರ, ಇಸ್ಪೀಟಿನ ಡೈಮಂಡ್ ಇರತೈತಲ್ಲ ಹಂಗ. ಒಳಗಿನ ಅಕ್ಷರ ಸಣ್ಣವು.

ಡರ್ಬಿ ಕನ್ನಡಿಗ

ವಜ್ರ ಅಂದ್ರೆ ಗ್ಲಾಸ್ಗೋ! ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿ. 1903ರಲ್ಲಿ ಗ್ಲಾಸ್ಗೋದ ಮೂರು ಕಂಪನಿ ಸೇರಿ ಆಗಿದ್ದು: ನೀಲ್ಸನ್ ರೀಡ್, ಡ್ಯೂಬ್ಸ್, ಶಾರ್ಪ್ ಸ್ಟೂವರ್ಟ್. ಡ್ಯೂಬ್ಸ್‌ನವರ ಪ್ಲೇಟು ಮೊದಲಿಂದ ವಜ್ರಾಕಾರ. ಸೇರಿಕೊಂಡ ಮೇಲೂ ಅವರ ಕ್ವೀನ್ಸ್ ಪಾರ್ಕ್ ಕಾರ್ಖಾನೆಯ ಎಂಜಿನ್ನಿಗೆ ಅದೇ ಆಕಾರ ಉಳೀತು. ನೀಲ್ಸನ್‌ನವರ ಹೈಡ್ ಪಾರ್ಕ್ ಕಾರ್ಖಾನೆಯದು ದುಂಡಗೆ. ನಿಮ್ಮ ಎಂಜಿನ್ 1908ರ ನಂತರದ ಕ್ವೀನ್ಸ್ ಪಾರ್ಕ್, ಮೀಟರ್ ಗೇಜ್. ಮೇಲಿನ ಮೈಸೂರು ಜ್ಯೂಬಿಲಿ ಕೂಡ ಇದೇ ನಾರ್ತ್ ಬ್ರಿಟಿಷ್ ಕಂಪನಿ ಮಾಡಿದ್ದು, ಎಲ್‌ಎಂಎಸ್ ಅವರಿಗೆ ಒಂದೇ ಸಲಕ್ಕೆ 50 ಜ್ಯೂಬಿಲಿಗೆ ಆರ್ಡರ್ ಕೊಟ್ಟಿತ್ತು.

ಪ್ಲೇಟಿನ ಒಳಗೆ ಒಂದು ಅಂಕಿ, ಒಂದು ಇಸವಿ ಇರುತ್ತೆ. ಆ ಅಂಕಿ ಕಾರ್ಖಾನೆ ನಂಬರ್. ರೈಲ್ವೆ ಕೊಟ್ಟ ನಂಬರ್ ನಾಲ್ಕು ಸಲ ಬದಲಾದರೂ ಇದು ಬದಲಾಗಲ್ಲ, ಒಂದು ಕಂಪನಿಯಲ್ಲಿ ಒಂದು ಅಂಕಿ ಒಂದೇ ಎಂಜಿನ್ನಿಗೆ. ಗೋಡೆಯಿಂದ ಇಳಿಸಿ, ಗಾಜು ತೆಗೆದು, ಆ ಜಾಗ ಮಾತ್ರ ದೊಡ್ಡದಾಗಿ ಸ್ಕ್ಯಾನ್ ಮಾಡಿ. 1200 ಡಿಪಿಐ ಇಡಿ. ಫೋನಿನಲ್ಲಿ ತೆಗೆದರೆ ಗಾಜಿನ ಹೊಳಪು ಬರುತ್ತೆ.

ಕಲ್ಲಿದ್ದಲು

ಸ್ಕ್ಯಾನ್ ಮಾತು ಬಂತಲ್ಲ, ಎಲ್ಲರಿಗೂ ಹೇಳ್ತೀನಿ. ಅಂಚು ಕತ್ತರಿಸಿ ಹಾಕಬೇಡಿ. ಮೂಲೆಯಲ್ಲಿ ಇಣುಕೋ ಸಿಗ್ನಲ್ ಕಂಬ, ಗೋಡೆ ಮೇಲಿನ ಜಾಹೀರಾತು, ಅದೇ ಎಷ್ಟೋ ಸಲ ಊರು ಹೇಳಿಬಿಡುತ್ತೆ. ಹಿಂಬದಿ ಖಾಲಿ ಇದ್ದರೂ ಸ್ಕ್ಯಾನ್ ಮಾಡಿ. ಆಗಿನ ಕಾಲದಲ್ಲಿ ಲೋಕೋಮೋಟಿವ್ ಪಬ್ಲಿಷಿಂಗ್ ಕಂಪನಿ ಥರದವರು ಪೋಸ್ಟ್ ಕಾರ್ಡ್ ಅಳತೆಯ ಎಂಜಿನ್ ಫೋಟೋ ಮಾರ್ತಿದ್ರು. ಹಿಂದೆ ಸೀಲು, ನೆಗೆಟಿವ್ ನಂಬರ್ ಇದ್ದರೆ ಅದು ಚಿಕ್ಕತಾತ ತೆಗೆದಿದ್ದಲ್ಲ, ಕೊಂಡಿದ್ದು. ಆಗ ಫೋಟೋ ಇಸವಿಗೂ ಅವರು ಅಲ್ಲಿದ್ದ ಇಸವಿಗೂ ಸಂಬಂಧ ಇರಬೇಕಿಲ್ಲ. ಮತ್ತೆ ದಯವಿಟ್ಟು ಹಿಂದೆ ಬಾಲ್ ಪೆನ್ನಲ್ಲಿ ಬರೀಬೇಡಿ, ಮೆತ್ತನೆ ಪೆನ್ಸಿಲ್ ಸಾಕು.

ಒಂಟಿಕೊಪ್ಪಲು

ಮೊದಲನೇದರ ಹಿಂದೆ ಸೀಲು ಇಲ್ಲ, ಬರೀ ಪೆನ್ಸಿಲ್, ಅಕ್ಷರ ಚಿಕ್ಕತಾತಂದೇ. ಎರಡನೇದರ ಹಿಂದೆ ಮೂಲೆಯಲ್ಲಿ ನೇರಳೆ ಬಣ್ಣದ ಸೀಲಿನ ಥರ ಏನೋ ಅಳಿಸಿಹೋಗಿದೆ. ಇಷ್ಟು ದಿನ ಕಲೆ ಅಂದುಕೊಂಡಿದ್ವಿ.

ಕಲ್ಲಿದ್ದಲು

ಹಾಗಾದ್ರೆ ಎರಡನೇದು ಕೊಂಡಿದ್ದೇ ಇರಬೇಕು. ಆಗ 1954 ಅನ್ನೋದು ಕೊಂಡ ವರ್ಷ ಆಗಬಹುದು, ತೆಗೆದ ವರ್ಷ ಅಲ್ಲ. ತೆಗೆದಿದ್ದು 1952ರ ಫೆಬ್ರವರಿಗಿಂತ ಮುಂಚೆ ಆದರೆ ಅದು ದೊರೆ ನಡೆಸಿದ ನಿಜವಾದ ವಿಂಡ್ಸರ್ ಕಾಸಲ್ಲೇ. ನಾನು ಮೇಲೆ ಹೇಳಿದ್ದು 1954 ಸರಿ ಇದ್ದರೆ ಅಂತ, ಈಗ ಆ 'ಇದ್ದರೆ' ಮೇಲೇ ಎಲ್ಲ ನಿಂತಿದೆ. ಸೀಲನ್ನ ಓರೆ ಬೆಳಕಿನಲ್ಲಿ ಹಿಡಿದು ಒಂದು ಫೋಟೋ ಹಾಕಿ. ಟೆಂಡರಿನ ಪಕ್ಕ ಇರೋದು ಅಕ್ಷರವಾ ಸಿಂಹವಾ ಅಂತಲೂ ನೋಡಿ ಹೇಳಿ, ನಿಮ್ಮ ಸ್ಕ್ಯಾನ್‌ನಲ್ಲಿ ಟೆಂಡರ್ ಅರ್ಧಕ್ಕೇ ಕತ್ತರಿಸಿಹೋಗಿದೆ.

ಗದಗ ಜಂಕ್ಷನ್

ನಮ್ಮದು ಗೋಡೆಯಿಂದ ಇಳಿಸಿದ್ವಿ. ಗಾಜಿಗೆ ಫೋಟೋ ಒಂದು ಕಡೆ ಅಂಟಿಕೊಂಡೈತಿ, ಎಳೆದರ ಹರೀತೈತಿ ಅಂತ ಅಂಜಿಕಿ. ಏನ್ ಮಾಡಬೇಕ್ರಿ?

ಡರ್ಬಿ ಕನ್ನಡಿಗ

ಎಳೀಲೇಬೇಡಿ. ಅಂಟಿದ್ದು ಪ್ಲೇಟಿನ ಜಾಗ ಅಲ್ಲ ಅಂದ್ರೆ ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಮಲಗಿಸಿ. ಗಾಜು ಮೊದಲು ಒರೆಸಿ, ಒದ್ದೆ ಬಟ್ಟೆ ಬೇಡ.